ಗೋಲು ತಿಂದ ಉಣ್ಣೆ

ನಾನು ನಿವೃತ್ತಳು ಎಂದು ಹೇಳಿಕೊಂಡರೆ ಜನ ನಗುತ್ತಾರೆ. ತಲೆಯಲ್ಲಿ ಬಿಳಿಕೂದಲಿಲ್ಲ, ಪಿಂಚಣಿ ಇಲ್ಲ, ಕೆಲಸ ಬಿಟ್ಟ ದಿನ ಯಾರೂ ಶಾಲು ಹೊದಿಸಲಿಲ್ಲ. ಆದರೂ ಕ್ಲಿನಿಕ್ಕಿನ ಬಿಳಿ ಕೋಟನ್ನು ಮಡಚಿಟ್ಟು ಬಂದಿದ್ದೇನೆ, ಅದನ್ನು ಮತ್ತೆ ತೊಡುವುದಿಲ್ಲ. ಬಿಟ್ಟದ್ದು ಯಾಕೆ ಎಂಬುದು ನನ್ನ ಸ್ವಂತ ವಿಷಯ, ಅದು ಇಲ್ಲಿ ಬೇಡ. ದೆಹಲಿಯಲ್ಲಿ ನಾಯಿಗಳ ಡಾಕ್ಟರಾಗಿದ್ದ ವರ್ಷಗಳು ನಿಜಕ್ಕೂ ಹೇಗಿದ್ದವು ಎಂಬುದನ್ನು ಮಾತ್ರ ಬರೆಯುತ್ತೇನೆ. ಪಶುವೈದ್ಯಕೀಯ ಮುಗಿಸಿ ನಗರದ ಕ್ಲಿನಿಕ್ಕುಗಳಿಗೆ ಸೇರುತ್ತಿರುವ ಹುಡುಗಿಯರು ಆಗಾಗ ಫೋನ್ ಮಾಡಿ, “ಅಕ್ಕಾ, ಕೆಲಸ ಹೇಗಿರತ್ತೆ?” ಎಂದು ಕೇಳುತ್ತಾರೆ. ಫೋನಿನಲ್ಲಿ ನಾನು ಎರಡು ವಾಕ್ಯಕ್ಕಿಂತ ಹೆಚ್ಚು ಮಾತಾಡುವವಳಲ್ಲ. ಆದ್ದರಿಂದ ಈ ಬರಹ.

ಕೆಲಸ ಹೇಗಿರುತ್ತದೆ? ಕೆಲಸದ ತುಂಬ ಉಣುಗು ಇರುತ್ತದೆ. ನಾಯಿಯ ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಕಚ್ಚಿ ಹಿಡಿದು ರಕ್ತ ಹೀರುವ ಆ ಸಣ್ಣ ಜೀವಿಗೆ ಸಾಗರದ ಕಡೆಯವಳಾದ ನಾನು ಉಣುಗು ಎಂದೇ ಹೇಳುವುದು. ಕಾಲೇಜಿನಲ್ಲಿ ನಾವು ದೊಡ್ಡ ದೊಡ್ಡ ರೋಗಗಳ ಬಗ್ಗೆ ಕನಸು ಕಾಣುತ್ತಿದ್ದೆವು, ಮುರಿದ ಮೂಳೆ ಜೋಡಿಸುವ, ಹೃದಯದ ಸದ್ದು ಕೇಳಿ ಕಾಯಿಲೆ ಹೇಳುವ ಕನಸು. ಮುನಿರ್ಕಾದಲ್ಲಿ ಬಾಡಿಗೆ ಕೋಣೆ ಹಿಡಿದು, ಕಿದ್ವಾಯಿ ನಗರದ ಹತ್ತಿರದ ಒಂದು ಮಾರ್ಕೆಟ್ಟಿನ ಕ್ಲಿನಿಕ್ಕಿಗೆ ಸೇರಿದ ಮೊದಲ ದಿನ ನನ್ನ ಕೈಗೆ ಬಂದದ್ದು ಒಂದು ಚಿಮಟ ಮತ್ತು ಉಣುಗುಗಳಿಂದ ತುಂಬಿದ ಒಂದು ಕಾಕರ್ ಸ್ಪ್ಯಾನಿಯಲ್ ಕಿವಿ. ನನಗೆ ಬೇಸರ ಆಗಬೇಕಿತ್ತು. ಆಗಲಿಲ್ಲ! ಎಳೆದಾಗ ಚರ್ಮ ಸ್ವಲ್ಪ ಮೇಲೆದ್ದು, ಹಟ ಮಾಡಿ, ಕಡೆಗೆ ತಲೆಸಮೇತ ಕಳಚಿ ಬರುವ ಆ ಕ್ಷಣ ಇದೆಯಲ್ಲ, ಅದರಲ್ಲಿ ಒಂದು ವಿಚಿತ್ರ ಖುಷಿಯಿದೆ. ಇದನ್ನು ಹೊರಗಿನವರ ಮುಂದೆ ಹೇಳುವಂತಿಲ್ಲ. ನೀವು ಇದೇ ಕೆಲಸಕ್ಕೆ ಬರುವವರಾದ್ದರಿಂದ ಹೇಳುತ್ತಿದ್ದೇನೆ.

ಕ್ಲಿನಿಕ್ಕಿನ ಯಜಮಾನರು ಡಾಕ್ಟರ್ ಭಾಟಿಯಾ. ಆ ಭಾಗದಲ್ಲಿ ಅವರಿಗಿಂತ ಚುರುಕಾದ ಸರ್ಜನ್ ಇರಲಿಲ್ಲ ಎಂದು ಅವರೇ ಹೇಳುತ್ತಿದ್ದರು, ಅದು ನಿಜವೂ ಆಗಿತ್ತು. ಭಾರೀ ಆಳು, ಭಾರೀ ದನಿ, ಕತ್ತರಿ ಹಿಡಿದರೆ ಮಾತ್ರ ಕೈ ಹೂವಿನಷ್ಟು ಹಗುರ. ಎಲ್ಲದಕ್ಕೂ ಅವಸರ. ನಾನು ಪ್ರಶ್ನೆ ಕೇಳಿದರೆ, “ಬೇಟಾ, ನಾಯಿ ಕಾಯಲ್ಲ, ಮೊದಲು ಕೈ, ಆಮೇಲೆ ಬಾಯಿ” ಎನ್ನುತ್ತಿದ್ದರು. ನಾನು ಕೇಳುವುದೇ ಅಪರೂಪವಾದ್ದರಿಂದ ನಮ್ಮಿಬ್ಬರಿಗೂ ಹೊಂದಿಕೆಯಾಗಿತ್ತು.

ಉಣುಗು ತೆಗೆಯುವುದನ್ನು ಕಲಿಸಿದವರು ಅವರೇ. ಚಿಮಟದ ತುದಿ ಚರ್ಮಕ್ಕೆ ತಾಗುವಷ್ಟು ಕೆಳಗೆ ಹೋಗಬೇಕು. ಹೊಟ್ಟೆಯನ್ನಲ್ಲ, ಬಾಯಿಯನ್ನು ಹಿಡಿಯಬೇಕು. ತಿರುಚದೆ, ಜಗ್ಗದೆ, ಒಂದೇ ಸಮನೆ ನೇರವಾಗಿ ಎಳೆಯಬೇಕು. ಉಗುರಿನಲ್ಲಿ ಒತ್ತಿ ಕೊಲ್ಲಬಾರದು, ಅದರ ಹೊಟ್ಟೆಯಲ್ಲಿರುವುದು ನಮ್ಮ ಕೈಗೆ ಬರುವುದು ಬೇಡ. ಜನ ಮಾತ್ರ ಮನೆಯಲ್ಲಿ ಎಲ್ಲವನ್ನೂ ಮಾಡಿಯೇ ನಮ್ಮಲ್ಲಿಗೆ ಬರುತ್ತಿದ್ದರು. ಕಡ್ಡಿ ಗೀರಿ ಸುಟ್ಟವರಿದ್ದರು, ಉಣುಗಿನ ಜೊತೆ ನಾಯಿಯ ಕಿವಿಯೂ ಸುಟ್ಟಿರುತ್ತಿತ್ತು. ಸೀಮೆಎಣ್ಣೆ ಸುರಿದವರು, ಕರ್ಪೂರ ಅರೆದು ಹಚ್ಚಿದವರು, ಜಿರಳೆಗೆ ಹೊಡೆಯುವ ಸ್ಪ್ರೇಯನ್ನೇ ನಾಯಿಗೆ ಹೊಡೆದವರು. ಬೈಯಬೇಡಿ. ಬೈದರೆ ಮುಂದಿನ ಸಲ ನಿಮಗೆ ಸುಳ್ಳು ಹೇಳುತ್ತಾರೆ, ಸುಳ್ಳಿನ ಮೇಲೆ ಔಷಧಿ ಕೊಡಬೇಕಾಗುತ್ತದೆ.

ನಾನು ಸೇರಿದಾಗ ನಮ್ಮ ದೊಡ್ಡ ಅಸ್ತ್ರವೆಂದರೆ ಬಕೆಟ್ ನೀರಿಗೆ ಬೆರೆಸಿ ಮೈಗೆ ಹಚ್ಚುವ ಒಂದು ಔಷಧಿ. ಅದರ ಘಾಟು ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟನ್ನು ಯಾವಾಗಲೂ ಖಾಲಿ ಇಡುತ್ತಿತ್ತು. ದೆಹಲಿಯ ಬಸ್ಸಿನಲ್ಲಿ ಒಂಟಿ ಹುಡುಗಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಇರಲಿಲ್ಲ. ಆಮೇಲೆ ಕತ್ತಿನ ಹಿಂದೆ, ಹೆಗಲುಗಳ ನಡುವೆ ಹನಿ ಹಾಕುವ ಔಷಧಿ ಹೆಚ್ಚು ಬಳಕೆಗೆ ಬಂತು. ಸಣ್ಣ ಕೊಳವೆಯ ತುದಿ ಮುರಿದು, ಕೂದಲು ಬಿಡಿಸಿ ಹಿಂಡಿದರೆ ಮುಗಿಯಿತು. ಮೊದಲ ಸಲ ಅದನ್ನು ಹಾಕಿ ಕಳಿಸಿದ ನಾಯಿ ಮರಳಿ ಬಂದಾಗ ಮೈಯೆಲ್ಲ ತಡಕಿದೆ. ಒಂದೂ ಇಲ್ಲ! ಕಂಪೌಂಡರ್ ಕಿಶೋರಿ ಭಯ್ಯಾ ಬೇಸರದಿಂದ, “ಇನ್ನು ನಮ್ಮ ಬಕೆಟ್ಟಿಗೆ ಕೆಲಸವಿಲ್ಲ, ಡಾಕ್ಟರ್ ಸಾಹಿಬಾ” ಅಂದ. ಅವನ ಬಕೆಟ್ಟಿಗೆ ಇನ್ನೂ ಕೆಲವು ವರ್ಷ ಕೆಲಸವಿತ್ತು, ಯಾಕೆಂದರೆ ಉಣುಗು ನಾಯಿಯ ಮೇಲಿರುವುದಕ್ಕಿಂತ ಮನೆಯಲ್ಲಿರುವುದೇ ಹೆಚ್ಚು.

ಇದನ್ನು ನಾನು ಕಲಿತದ್ದು ಚಾಣಕ್ಯಪುರಿಯ ಒಂದು ಬಂಗಲೆಯಲ್ಲಿ. ದೊಡ್ಡ ಅಧಿಕಾರಿಯೊಬ್ಬರ ಮನೆ, ಅವರ ಲ್ಯಾಬ್ರಡಾರ್ ನಾಯಿಗೆ ನಾವು ಎಷ್ಟು ಸಲ ಔಷಧಿ ಹಚ್ಚಿದರೂ ಮತ್ತೆ ಉಣುಗು. ಮೇಡಂ ಕಾರು ಕಳಿಸಿ ನನ್ನನ್ನು ಕರೆಸಿಕೊಂಡರು. ಬೆತ್ತದ ಕುರ್ಚಿಯಲ್ಲಿ ಕೂತು, ಚಹಾ ಹೀರುತ್ತ, “ನಮ್ಮ ನಾಯಿ ಬೀದಿ ಮುಖ ನೋಡಿಲ್ಲ. ಇದು ನಿಮ್ಮ ಕ್ಲಿನಿಕ್ಕಿನಿಂದಲೇ ಬಂದ ಕೊಡುಗೆ” ಎಂದರು. ನಾನು ಟಾರ್ಚು ತೆಗೆದು ನೆಲದ ಮೇಲೆ ಮಲಗಿದೆ. ನಾಯಿ ರಾತ್ರಿ ಮಲಗುವ ಮೂಲೆ, ಗೋಡೆಯ ಬಿರುಕು, ಕಿಟಕಿಯ ಚೌಕಟ್ಟು, ಎಲ್ಲೂ ಅಷ್ಟೇನಿಲ್ಲ. ಟಾರ್ಚನ್ನು ಮೇಡಂ ಕೂತಿದ್ದ ಕುರ್ಚಿಯ ಅಡಿಗೆ ತಿರುಗಿಸಿದೆ. ಬೆತ್ತದ ಹೆಣಿಗೆಯ ಪ್ರತಿ ಸಂದಿಯಲ್ಲೂ ಸಾಲಾಗಿ, ಸಿನಿಮಾ ಹಾಲಿನಲ್ಲಿ ಕೂತಂತೆ, ಕೂತಿದ್ದವು! ನಾಯಿ ಹಗಲೆಲ್ಲ ಬಿದ್ದುಕೊಳ್ಳುತ್ತಿದ್ದದ್ದು ಆ ಕುರ್ಚಿಯ ಕೆಳಗೆ. ನಾನು ಎದ್ದು, “ಮೇಡಂ, ದಯವಿಟ್ಟು ನಿಧಾನವಾಗಿ ಏಳಿ” ಎಂದೆ. ಅವರು ನಿಧಾನವಾಗಿ ಏಳಲಿಲ್ಲ.

ಹೀಗೆ ಹೇಳುತ್ತ ಹೋದರೆ ಮುಗಿಯುವುದಿಲ್ಲ. ನಿಮಗೆ ನಿಜವಾಗಿ ಹೇಳಬೇಕಾಗಿರುವುದು ಗೋಲುವಿನ ಸಂಗತಿ.

ದೀಪಾವಳಿ ಕಳೆದಿತ್ತು. ದೆಹಲಿಯಲ್ಲಿ ಸಂಜೆಗಳು ತಣ್ಣಗಾಗತೊಡಗಿ, ಸರ್ಕಾರಿ ಕಚೇರಿಗಳ ಹುಲ್ಲುಹಾಸಿನ ಮೇಲೆ ಮಧ್ಯಾಹ್ನದ ಬಿಸಿಲಿಗೆ ಕೂತ ಹೆಂಗಸರ ಕೈಯಲ್ಲಿ ಸ್ವೆಟರ್ ಕಡ್ಡಿಗಳು ಓಡಾಡತೊಡಗಿದ್ದವು. ಒಂದು ಬೆಳಿಗ್ಗೆ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಿಂದ ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಬಿಳಿ ಪಾಮೇರಿಯನ್ ನಾಯಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಆಟೋದಿಂದ ಇಳಿದಳು. ಅವಳನ್ನು ಶ್ರುತಿ ಎಂದು ಕರೆಯೋಣ, ನಿಜವಾದ ಹೆಸರು ಬೇರೆ. ನಾಯಿಯ ಹೆಸರು ಗೋಲು. ಅದಕ್ಕೆ ಮಾತ್ರ ಬೇರೆ ಹೆಸರು ಹಾಕಲು ನನಗೆ ಮನಸ್ಸಿಲ್ಲ.

ಗೋಲು ಕೆಲವು ದಿನಗಳಿಂದ ಊಟ ಬಿಟ್ಟಿತ್ತು. ವಾಂತಿ ಮಾಡಿತ್ತು. ಹೊಟ್ಟೆ ಮುಟ್ಟಿದರೆ ನರಳುತ್ತಿತ್ತು, ಮೈ ಸುಡುತ್ತಿತ್ತು. ಟೇಬಲ್ಲಿನ ಮೇಲೆ ಇಟ್ಟರೆ ಇಟ್ಟ ಹಾಗೇ ಬಿದ್ದುಕೊಂಡಿತು. ಭಾಟಿಯಾ ಹೊಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಒತ್ತಿ ನೋಡುತ್ತ ಹಿಂದಿಯಲ್ಲಿ ಕೇಳಿದರು, “ಏನಾದರೂ ತಿಂದಿದೆಯಾ? ಚೆಂಡು, ಕಾಲುಚೀಲ, ಪ್ಲಾಸ್ಟಿಕ್?”

ಶ್ರುತಿ ಕಣ್ಣೊರೆಸಿಕೊಂಡಳು. “ನನಗೆ ಗೊತ್ತಿಲ್ಲ ಅಂಕಲ್, ಹಗಲು ಮನೆಯಲ್ಲಿ ಅಜ್ಜಿ ಒಬ್ಬರೇ ಇರೋದು. ವೋ ಬೋಲೀ, ಗೋಲೂನೇ ಊನ್ ಖಾಯಾ ಹೈ.”

ಗೋಲು ಊನ್ ತಿಂದಿದೆ ಎಂದು ಅವರು ಹೇಳಿದರಂತೆ. ಹಿಂದಿಯಲ್ಲಿ ಊನ್ ಎಂದರೆ ಸ್ವೆಟರ್ ಹೆಣೆಯುವ ದಾರ. ಭಾಟಿಯಾ ಅವರ ಹುಬ್ಬು ಮೇಲೇರಿತು. “ಮನೆಯಲ್ಲಿ ಯಾರು ಹೆಣೆಯೋದು?”

“ಮಮ್ಮಿ. ಆಫೀಸಿನಲ್ಲೂ, ಮನೆಯಲ್ಲೂ. ಉಂಡೆಗಳು ಎಲ್ಲ ಕಡೆ ಬಿದ್ದಿರತ್ತೆ.”

“ಬಸ್!” ಎಂದರು ಭಾಟಿಯಾ. ಕಳೆದ ಚಳಿಗಾಲದಲ್ಲೇ ಒಂದು ನಾಯಿಯ ಕರುಳಿನಿಂದ ಅವರು ಗಂಟುಕಟ್ಟಿಕೊಂಡ ನೂಲನ್ನು ತೆಗೆದು ಬದುಕಿಸಿದ್ದರು. ಕರುಳಿನಲ್ಲಿ ದಾರ ಸಿಕ್ಕಿದರೆ ಕರುಳನ್ನು ಕೊಯ್ದುಕೊಂಡು ಹೋಗುತ್ತದೆ, ತಡ ಮಾಡಿದರೆ ನಾಯಿ ಉಳಿಯುವುದಿಲ್ಲ. ಎಕ್ಸ್-ರೇ ತೆಗೆಸಿದರೂ ನೂಲು ಅದರಲ್ಲಿ ಕಾಣುವುದಿಲ್ಲ. ಜ್ವರ, ವಾಂತಿ, ಹೊಟ್ಟೆನೋವು, ಎಲ್ಲವೂ ತಾಳೆಯಾಗುತ್ತಿತ್ತು. ನನಗೂ ತಾಳೆಯಾಯಿತು. ರಕ್ತ ಪರೀಕ್ಷೆಗೆ ಆಗ ನಾವು ಹೊರಗಿನ ಲ್ಯಾಬಿಗೆ ಕಳಿಸುತ್ತಿದ್ದೆವು, ವರದಿ ಬರುವುದು ಮರುದಿನ. ಅಷ್ಟು ಕಾಯುವ ಹಾಗಿರಲಿಲ್ಲ. “ಡ್ರಿಪ್ ಹಾಕಿ, ಹೊಟ್ಟೆ ಬೋಳಿಸಿ, ಟೇಬಲ್ ರೆಡಿ ಮಾಡು ಬೇಟಾ” ಎಂದು ಹೇಳಿ ಅವರು ಕೈ ತೊಳೆಯಲು ಒಳಗೆ ಹೋದರು.

ನಾನು ಉಣುಗು ಇದೆಯೇ ಎಂದು ನೋಡಿದ್ದೆ, ಅಭ್ಯಾಸಬಲದಿಂದ. ಕಿವಿ, ಬೆರಳಿನ ಸಂದಿ, ಬಾಲದ ಬುಡ, ಎಲ್ಲವೂ ಸ್ವಚ್ಛ. ಇಷ್ಟು ದಟ್ಟ ಕೂದಲಿನ ನಾಯಿಯ ಮೈಯಲ್ಲಿ ಆ ಕಾಲಕ್ಕೆ ಒಂದೂ ಇಲ್ಲದಿರುವುದು ಸ್ವಲ್ಪ ಆಶ್ಚರ್ಯವೇ ಅನಿಸಿತ್ತು. ಡ್ರಿಪ್ಪಿಗೆಂದು ಸೂಜಿ ಚುಚ್ಚಿದೆ. ಹೊಟ್ಟೆಯ ಕೂದಲು ಬೋಳಿಸಿದೆ. ಗುಲಾಬಿ ಚರ್ಮದ ಮೇಲೆ ಕೆಂಪು ಚುಕ್ಕೆಗಳು, ಸೂಜಿಮೊನೆಯಷ್ಟು ಸಣ್ಣವು, ಅಲ್ಲಲ್ಲಿ. ಸೊಳ್ಳೆ ಕಡಿದದ್ದೇ? ಬೆರಳಿನಿಂದ ಒತ್ತಿದೆ. ಸೊಳ್ಳೆ ಕಡಿತದ ಕೆಂಪು ಒತ್ತಿದರೆ ಮಾಯವಾಗಬೇಕು. ಇವು ಆಗಲಿಲ್ಲ.

ಆಗ ಹೊರಗಿನ ಕೋಣೆಯಿಂದ ಶ್ರುತಿ ಕ್ಲಿನಿಕ್ಕಿನ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಕನ್ನಡ! ದೆಹಲಿಯಲ್ಲಿ ಹುಟ್ಟಿ ಬೆಳೆದವರ ಕನ್ನಡ, ಒಂದು ಕಾಲು ಹಿಂದಿಯಲ್ಲಿ. “ಅಜ್ಜೀ, ಡಾಕ್ಟರ್ ಬೋಲ್ ರಹೇ ಹೈಂ ಆಪರೇಷನ್ ಮಾಡ್ಬೇಕಂತೆ… ಹಾಂ, ಅಭೀ… ಹೊಟ್ಟೆ ಕಟ್ ಮಾಡಿ ಉಣ್ಣೆ ತೆಗೀತಾರಂತೆ.”

ಆ ಕಡೆಯ ದನಿ ಎಷ್ಟು ಜೋರಾಗಿತ್ತೆಂದರೆ ರಿಸೀವರಿನಿಂದ ಹೊರಟು ನನ್ನ ಟೇಬಲ್ಲಿನವರೆಗೂ ಬಂತು.

“ಉಣ್ಣೆ ತೆಗೆಯಕ್ಕೆ ಹೊಟ್ಟೆ ಯಾಕೇ ಕುಯ್ಯಬೇಕು? ಅವನೇನು ಡಾಕ್ಟ್ರೋ, ಕಟುಕನೋ?”

ನಾನು ಗೋಲುವನ್ನು ಕಿಶೋರಿ ಭಯ್ಯಾನ ಕೈಗೆ ಕೊಟ್ಟು ಹೊರಗೆ ಓಡಿದೆ. “ಫೋನ್ ಕೊಡಿ ಇಲ್ಲಿ” ಎಂದು ಕನ್ನಡದಲ್ಲೇ ಕೇಳಿದೆ. ಶ್ರುತಿ ಬಾಯಿ ತೆರೆದು ನನ್ನನ್ನೇ ನೋಡಿದಳು. ಅಷ್ಟು ಹೊತ್ತೂ ಅವಳಿಗೆ ನಾನು ಕನ್ನಡದವಳೆಂದು ಗೊತ್ತಿರಲಿಲ್ಲ, ನಾನೂ ಹೇಳಿಕೊಂಡಿರಲಿಲ್ಲ.

“ನಮಸ್ಕಾರ ಅಜ್ಜಿ. ನಾನು ಇಲ್ಲಿ ಡಾಕ್ಟರ್. ಗೋಲು ತಿಂದದ್ದನ್ನ ನೀವು ನೋಡಿದ್ರಾ?”

“ಅಯ್ಯೋ, ಕನ್ನಡದವಳು! ಯಾವೂರವ್ವಾ?”

“ಸಾಗರದ ಕಡೆ ಅಜ್ಜಿ. ಗೋಲು—”

“ನಮ್ಮದು ತುಮಕೂರು ಕಡೆ. ನೋಡ್ದೆ ಕಣವ್ವಾ, ಕಣ್ಣಾರೆ ನೋಡ್ದೆ. ದಿನಾ ಬಾಗಿಲಲ್ಲಿ ಕೂತ್ಕೊಂಡು ಕಚ್ಚಿ ಕಚ್ಚಿ ತಿನ್ನೋದು.”

ದಿನಾ? “ಯಾವ ಬಣ್ಣದ ಉಣ್ಣೆ ಅಜ್ಜಿ?”

“ಉಣ್ಣೆಗೆ ಇನ್ಯಾವ ಬಣ್ಣ ಇರತ್ತೆ, ಬೂದು ಬಣ್ಣ.”

ಬೂದು ಬಣ್ಣದ ಸ್ವೆಟರ್ ನನ್ನ ಕಣ್ಣ ಮುಂದೆ ಬಂತು. “ಎಷ್ಟುದ್ದ ತಿಂದಿರಬಹುದು?”

“ಉದ್ದವೇ? ನಿಂಗೇನು ತಲೆ ಸರಿ ಐತಾ? ಉಣ್ಣೆ ಎಳ್ಳಿನಷ್ಟಿರತ್ತೆ. ರಕ್ತ ಕುಡಿದ್ರೆ ಹರಳುಬೀಜದ ಹಂಗೆ ಊದ್ಕೊಳ್ಳತ್ತೆ. ಊರಾಗೆ ಎಮ್ಮೆಗಿಲ್ವಾ, ದನಕ್ಕಿಲ್ವಾ? ಇವನ ಮೈ ತುಂಬ ಇತ್ತು. ಹಬ್ಬದ ಮುಂಚೆ ನಾನೇ ಬಿಸಿಲಲ್ಲಿ ಕೂರಿಸ್ಕೊಂಡು ಒಂದೊಂದೇ ಕಿತ್ತು ಸೀಮೆಎಣ್ಣೆ ಸೀಸೆಗೆ ಹಾಕ್ದೆ. ಒಂದೂ ಬಿಟ್ಟಿಲ್ಲ. ಸೀಸೆ ಕಳಿಸ್ಲಾ?”

ಉಣ್ಣೆ! ನಮ್ಮ ಕಡೆ ಉಣುಗು ಎನ್ನುವುದನ್ನೇ ಅವರ ಕಡೆ ಉಣ್ಣೆ ಎನ್ನುತ್ತಾರೆ. ಕುರಿಯ ಮೈಮೇಲಿರುವುದೂ ಉಣ್ಣೆ, ಅದರ ಅಡಿಯಲ್ಲಿ ಕೂತು ರಕ್ತ ಕುಡಿಯುವುದೂ ಉಣ್ಣೆ. ಶ್ರುತಿಗೆ ಗೊತ್ತಿದ್ದದ್ದು ಅಮ್ಮನ ಬುಟ್ಟಿಯಲ್ಲಿರುವ ಉಣ್ಣೆ ಒಂದೇ. ಅಜ್ಜಿ ಹೇಳಿದ ಶಬ್ದವನ್ನು ಅವಳು ಪ್ರಾಮಾಣಿಕವಾಗಿ ಹಿಂದಿಗೆ ದಾಟಿಸಿದ್ದಳು, ಹಿಂದಿಗೆ ಬಂದದ್ದು ಊನ್ ಮಾತ್ರ. ಇನ್ನೊಂದು ಉಣ್ಣೆ ಕಿದ್ವಾಯಿ ನಗರದಲ್ಲೇ ಉಳಿದಿತ್ತು.

ಹಾಗಾದರೆ ಹೊಟ್ಟೆಯ ಮೇಲಿನ ಆ ಚುಕ್ಕೆಗಳು! ಉಣುಗು ಕಚ್ಚಿ, ತಾನು ಹೋದ ಮೇಲೂ ರಕ್ತದಲ್ಲಿ ಬಿಟ್ಟು ಹೋಗುವ ಜ್ವರ ಇದೆಯಲ್ಲ, ಅದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳು ನಾಶವಾಗುತ್ತ ಹೋಗುತ್ತವೆ. ಚರ್ಮದ ಒಳಗೆ ತಾನಾಗಿಯೇ ರಕ್ತ ಜಿನುಗಿ ಚುಕ್ಕೆಗಳಾಗುತ್ತವೆ. ಅಂಥ ನಾಯಿಯ ಹೊಟ್ಟೆಯನ್ನು ಕೊಯ್ದರೆ? ರಕ್ತ ನಿಲ್ಲುವುದಿಲ್ಲ. ಭಾಟಿಯಾ ಅವರ ಕೈ ಎಷ್ಟು ಹಗುರವಾಗಿದ್ದರೂ ನಿಲ್ಲುವುದಿಲ್ಲ. ಗೋಲು ಟೇಬಲ್ಲಿನ ಮೇಲೆಯೇ ಹೋಗುತ್ತಿತ್ತು.

ನಾನು ಒಳಗೆ ಓಡಿದೆ. ಭಾಟಿಯಾ ಕೈಗವಸು ಹಾಕಿಕೊಂಡು, ಅರಿವಳಿಕೆಯ ಸಿರಿಂಜಿನ ಕಡೆಗೆ ಗಲ್ಲ ಎತ್ತಿ ಕಿಶೋರಿ ಭಯ್ಯಾಗೆ ಸನ್ನೆ ಮಾಡುತ್ತಿದ್ದರು.

“ಬೇಡ!” ಎಂದೆ. ಆ ದನಿ ನನ್ನದು ಎಂದು ನನಗೇ ಗೊತ್ತಾಗಲಿಲ್ಲ. ಕಿಶೋರಿ ಭಯ್ಯಾ ಸಿರಿಂಜ್ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ.

“ಅಬ್ ಕ್ಯಾ ಹುವಾ?” ಎಂದರು ಭಾಟಿಯಾ.

“ಸರ್, ಊನ್ ಅಲ್ಲ. ಟಿಕ್. ಅಜ್ಜಿ ಹೇಳಿದ್ದು ಟಿಕ್. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಶಬ್ದ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಸ್ವೆಟರಿಗೂ ಟಿಕ್ಕಿಗೂ ಒಂದೇ ಶಬ್ದ? ಅದೆಂಥ ಭಾಷೆಯಮ್ಮ ನಿಮ್ಮದು?”

“ನಿಮ್ಮಲ್ಲಿ ನಿನ್ನೆಯೂ ಕಲ್, ನಾಳೆಯೂ ಕಲ್ ಅಲ್ಲವಾ ಸರ್?”

ಕಿಶೋರಿ ಭಯ್ಯಾ ಕೆಮ್ಮಿದ. ಭಾಟಿಯಾ ಮುಖ ಕೆಂಪಾಯಿತು. “ಮನೆಯಲ್ಲಿ ಕೂತ ಮುದುಕಿ ಫೋನಿನಲ್ಲಿ ಹೇಳಿದ ಮಾತಿಗೆ ನಾನು ಆಪರೇಷನ್ ನಿಲ್ಲಿಸಬೇಕಾ? ಅದರ ಕರುಳು ಕೊಯ್ದುಹೋದರೆ ನೀನು ಜವಾಬ್ದಾರಳಾ? ನಾಯಿಯ ಮೈಮೇಲೆ ಒಂದು ಟಿಕ್ ತೋರಿಸು ನೋಡೋಣ!”

ತೋರಿಸಲು ಒಂದೂ ಇರಲಿಲ್ಲ. ಎಲ್ಲವೂ ಅಜ್ಜಿಯ ಸೀಸೆಯಲ್ಲಿದ್ದವು. ಒಂದು ಕ್ಷಣ ನನಗೂ ಭಯವಾಯಿತು. ಅವರ ಮಾತಿನಲ್ಲೂ ಅರ್ಥವಿತ್ತು. ನಾನು ತಪ್ಪಿದ್ದರೆ ನಾಯಿ ಸಾಯುತ್ತಿತ್ತು, ಅವರು ತಪ್ಪಿದ್ದರೂ ಸಾಯುತ್ತಿತ್ತು. ಆಗ ಗೋಲುವಿನ ಮುಂಗಾಲಿನ ಮೇಲೆ ಕಣ್ಣು ಬಿತ್ತು. ಡ್ರಿಪ್ಪಿಗೆಂದು ಮೊದಲು ಚುಚ್ಚಿ, ರಕ್ತನಾಳ ಸಿಗದೆ ಬಿಟ್ಟ ಜಾಗದ ಮೇಲೆ ನಾನು ಒತ್ತಿ ಅಂಟಿಸಿದ್ದ ಹತ್ತಿ ಪೂರ್ತಿ ಕೆಂಪಾಗಿ, ಅಂಚಿನಿಂದ ಹನಿ ಇಳಿಯುತ್ತಿತ್ತು.

“ಸರ್, ಇಲ್ಲಿ ನೋಡಿ” ಎಂದೆ.

ಅವರು ನೋಡಿದರು. ಹತ್ತಿ ಎತ್ತಿದರು. ಸೂಜಿ ಚುಚ್ಚಿದ ಅಷ್ಟು ಸಣ್ಣ ತೂತಿನಿಂದ ರಕ್ತ ನಿಲ್ಲದೆ ಬರುತ್ತಿತ್ತು. ಹೊಸ ಹತ್ತಿ ಇಟ್ಟು ತಮ್ಮ ಹೆಬ್ಬೆರಳಿನಿಂದಲೇ ಒತ್ತಿ ಹಿಡಿದರು. ಹೆಬ್ಬೆರಳು ತೆಗೆದಾಗ ಮತ್ತೆ ಕೆಂಪು. ಅವರು ಗೋಲುವಿನ ತುಟಿ ಮೇಲೆತ್ತಿ ಒಸಡು ನೋಡಿದರು, ಬಿಳಿಚಿಕೊಂಡಿತ್ತು. ಬೋಳಿಸಿದ ಹೊಟ್ಟೆಯ ಮೇಲಿನ ಚುಕ್ಕೆಗಳನ್ನು ಬಗ್ಗಿ ನೋಡಿದರು. ಆಮೇಲೆ ಕೈಗವಸುಗಳನ್ನು ಒಂದೊಂದಾಗಿ ಕಳಚಿ ಕಸದ ಬುಟ್ಟಿಗೆ ಹಾಕಿದರು.

“ಸ್ಲೈಡ್ ಮಾಡು” ಎಂದರು. “ಬೇಗ.”

ಗಾಜಿನ ಮೇಲೆ ಒಂದು ಹನಿ ರಕ್ತ ಹರಡಿ, ಬಣ್ಣ ಹಾಕಿ, ಒಣಗಿಸಿ, ಸೂಕ್ಷ್ಮದರ್ಶಕದ ಅಡಿಗೆ ಇಟ್ಟೆ. ಕೆಂಪುಕಣಗಳ ನಡುವೆ ನೇರಳೆ ಪುಡಿಯ ಹಾಗೆ ಕಾಣಬೇಕಾದ, ರಕ್ತ ಹೆಪ್ಪುಗಟ್ಟಿಸುವ ಆ ಕಣಗಳನ್ನು ಹುಡುಕುತ್ತ ಹೋದೆ. ಒಂದು ಜಾಗದಲ್ಲಿ ಇಲ್ಲ. ಇನ್ನೊಂದರಲ್ಲಿ ಇಲ್ಲ. ಬಹಳ ದೂರ ಹೋದ ಮೇಲೆ ಒಂದು, ಒಂಟಿಯಾಗಿ. ಭಾಟಿಯಾ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಕಣ್ಣಿಟ್ಟರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಆ ಭಾರೀ ಮನುಷ್ಯ ಸ್ಟೂಲಿನ ಮೇಲೆ ಕೂತು, “ಕೊಂದುಬಿಡುತ್ತಿದ್ದೆನಲ್ಲೋ ಕಿಶೋರಿ” ಎಂದರು.

ಮುಂದೆ ಅವರು ಮಾಡಿದ್ದನ್ನೂ ಬರೆಯಲೇಬೇಕು. ಮನೆಗೆ ಫೋನ್ ಮಾಡಿ ತಮ್ಮ ಸ್ವಂತ ಅಲ್ಸೇಶಿಯನ್ ನಾಯಿಯನ್ನು ಕರೆಸಿಕೊಂಡರು. ರಿಂಗ್ ರಸ್ತೆಯಲ್ಲಿ ಏನೋ ಅಗೆದು ಹಾಕಿದ್ದರಿಂದ ಕಾರು ಬರುವುದು ತಡವಾಯಿತು. ಅವರು ಹೊರಗೆ ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ನಿಂತು, ಅಡ್ಡ ನಿಂತ ಸ್ಕೂಟರುಗಳನ್ನೆಲ್ಲ ಕೂಗಿ ಕೂಗಿ ಸರಿಸಿದರು. ಅಲ್ಸೇಶಿಯನ್ನಿಗೆ ಏನೂ ಅರ್ಥವಾಗದೆ, ಯಜಮಾನರ ಕೈ ನೆಕ್ಕುತ್ತ ಶಾಂತವಾಗಿ ಮಲಗಿಕೊಂಡಿತು. ಅದರ ಕೊರಳಿನಿಂದ ರಕ್ತ ಚೀಲಕ್ಕೆ, ಚೀಲದಿಂದ ಗೋಲುವಿಗೆ. ಹನಿ ಹನಿಯಾಗಿ ಇಳಿಯುವುದನ್ನು ನಾವೆಲ್ಲ ನಿಂತು ನೋಡಿದೆವು. ಶ್ರುತಿ ನನ್ನ ಕೋಟಿನ ತೋಳನ್ನು ಹಿಡಿದುಕೊಂಡಿದ್ದಳು. ನನ್ನನ್ನು ಯಾರಾದರೂ ಹಾಗೆ ಹಿಡಿದುಕೊಂಡರೆ ನಾನು ಬಿಡಿಸಿಕೊಳ್ಳುವವಳು, ಅಂದು ಬಿಡಿಸಿಕೊಳ್ಳಲಿಲ್ಲ.

“ನನ್ನಿಂದಲೇ ಆಯ್ತಲ್ಲಾ ದೀದಿ” ಎಂದಳು ಅವಳು.

“ನೀನು ಅಜ್ಜಿ ಹೇಳಿದ್ದನ್ನೇ ಹೇಳಿದೆ. ನಾವು ಅಜ್ಜಿಯನ್ನು ಕೇಳಲಿಲ್ಲ” ಎಂದೆ.

ಆ ಜ್ವರಕ್ಕೆ ಮಾತ್ರೆ ಶುರು ಮಾಡಿದೆವು. ರಕ್ತ ಕೊಟ್ಟ ಮಾತ್ರಕ್ಕೆ ಬದುಕಿತು ಎನ್ನುವಂತಿಲ್ಲ, ಔಷಧಿ ಹಿಡಿಯುವವರೆಗೆ ಏನು ಬೇಕಾದರೂ ಆಗಬಹುದು ಎಂದು ಭಾಟಿಯಾ ಶ್ರುತಿಯ ತಂದೆತಾಯಿಗೆ ನೇರವಾಗಿ ಹೇಳಿದರು. ಬೆಳಿಗ್ಗೆಯ ತಪ್ಪನ್ನೂ ಹೇಳಿದರು, ಮುಚ್ಚಿಡಲಿಲ್ಲ. ಅವರ ಮೇಲೆ ನನಗೆ ಗೌರವ ಬಂದದ್ದು ಆಗಲೇ, ಕತ್ತರಿ ಹಿಡಿದ ಕೈ ನೋಡಿ ಬಂದದ್ದು ಬರೀ ಮೆಚ್ಚುಗೆ.

ಅಲ್ಲಿಂದ ನಮ್ಮ ಕ್ಲಿನಿಕ್ಕಿನಲ್ಲಿ ಕೆಲವು ಪದ್ಧತಿಗಳು ಬದಲಾದವು. ಜ್ವರವಿರುವ ಯಾವ ನಾಯಿಯನ್ನೂ ಸ್ಲೈಡ್ ನೋಡದೆ ಟೇಬಲ್ಲಿಗೆ ಹಾಕುವಂತಿರಲಿಲ್ಲ. ಮೈಮೇಲೆ ಟಿಕ್ ಇದೆಯೇ ಎಂದು ಕೇಳುವ ಬದಲು, ಹಿಂದೆ ಯಾವಾಗ ಇತ್ತು, ಯಾರು ತೆಗೆದರು ಎಂದು ಕೇಳುವುದು ಶುರುವಾಯಿತು. ಮುಖ್ಯವಾಗಿ, ನಾಯಿಯನ್ನು ಕರೆತಂದವರ ಮಾತಿಗೆ ನಿಲ್ಲದೆ, ನಾಯಿಯ ಜೊತೆ ಹಗಲು ಕಳೆಯುವವರ ಹತ್ತಿರ ಮಾತಾಡಬೇಕು, ಅವರ ಭಾಷೆಯಲ್ಲಿ. ಅವರ ಭಾಷೆ ಬರದಿದ್ದರೆ ಬೆರಳಿನಲ್ಲಿ ಅಳತೆ ತೋರಿಸಲು ಹೇಳಬೇಕು. ಎಷ್ಟು ದೊಡ್ಡದು, ಎಲ್ಲಿತ್ತು, ಆಮೇಲೆ ಏನಾಯಿತು. ಬಂಗಾಳಿ ಆಯಾ, ಗಢವಾಲಿ ಚೌಕಿದಾರ, ಬಿಹಾರದ ಅಡುಗೆ ಭಯ್ಯಾ, ಎಲ್ಲರಿಗೂ ಫೋನ್ ಹೋಗುತ್ತಿತ್ತು. ಈಗ ನಿಮಗೆಲ್ಲ ಕ್ಲಿನಿಕ್ಕಿನಲ್ಲೇ ರಕ್ತ ಎಣಿಸುವ ಯಂತ್ರಗಳಿವೆ, ಹನಿ ಹಾಕಿದರೆ ಗೆರೆ ಮೂಡಿಸಿ ಉಣುಗು ಜ್ವರ ಹೇಳುವ ಪಟ್ಟಿಗಳಿವೆ. ಚೆನ್ನಾಗಿದೆ, ಬಳಸಿ. ಆದರೆ ಯಾವ ಯಂತ್ರವನ್ನು ಚಾಲೂ ಮಾಡಬೇಕು ಎಂದು ನಿಮಗೆ ಹೇಳುವುದು ಮನೆಯಲ್ಲಿ ಕೂತ ಆ ಒಬ್ಬರು.

ಗೋಲು ಮಾತ್ರ ಏಳಲಿಲ್ಲ. ಉಸಿರಿತ್ತು, ಜ್ವರ ಇಳಿದಿತ್ತು, ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲತೊಡಗಿತ್ತು. ಆದರೆ ಕಣ್ಣು ತೆರೆದು ಗೋಡೆ ನೋಡುತ್ತ ಮಲಗಿರುತ್ತಿತ್ತು. ಶ್ರುತಿ ದಿನವೂ ಕಾಲೇಜಿಗೆ ಹೋಗುವ ಮೊದಲು ಸ್ಟೀಲ್ ಡಬ್ಬಿಯಲ್ಲಿ ಅಜ್ಜಿ ಮಾಡಿ ಕಳಿಸಿದ ಇಡ್ಲಿ ತರುತ್ತಿದ್ದಳು, ಹಾಗೇ ವಾಪಸ್ ಒಯ್ಯುತ್ತಿದ್ದಳು. “ಮನೆಯಲ್ಲಿ ಅಜ್ಜಿ ಇಡ್ಲಿ ತಟ್ಟೆ ತೆಗೆದರೆ ಸಾಕು, ಕುಣೀತಿತ್ತು” ಎನ್ನುತ್ತಿದ್ದಳು. ಭಾಟಿಯಾ ಬಾಗಿಲಲ್ಲಿ ನಿಂತು ತಲೆಯಾಡಿಸಿ ಹೋಗುತ್ತಿದ್ದರು. ಇಷ್ಟು ದಿನ ತಿನ್ನದಿದ್ದರೆ ಇನ್ನು ಕಷ್ಟ ಎಂದು ನಮಗಿಬ್ಬರಿಗೂ ಗೊತ್ತಿತ್ತು, ಶ್ರುತಿಗೆ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ನಾನು ಅದರ ಕಿವಿಯೊಳಗೆ ಬೆರಳು ಹಾಕಿ ನೋಡುತ್ತಿದ್ದೆ. ಗುರ್ರ್ ಎಂದಿತು. ನನ್ನ ಬೆರಳಿಗೆ ಹಲ್ಲು ತಾಗಿಸಿತು. ನಾನು ಕೈ ಹಿಂದೆ ಎಳೆದುಕೊಂಡು, “ಸರ್! ಕಚ್ಚಿತು! ಸರ್, ಬನ್ನಿ, ಕಚ್ಚಿತು!” ಎಂದು ಕೂಗಿದೆ. ಕಚ್ಚಿಸಿಕೊಂಡು ಅಷ್ಟು ಸಂತೋಷಪಟ್ಟವರನ್ನು ಭಾಟಿಯಾ ಅಲ್ಲಿಯವರೆಗೆ ನೋಡಿರಲಿಲ್ಲವಂತೆ. ಗೋಲು ಮುಂಗಾಲು ಊರಿ, ಹಿಂಗಾಲು ಊರಿ, ತೂರಾಡುತ್ತ ಎದ್ದು ನಿಂತಿತು. ಶ್ರುತಿ ಡಬ್ಬಿ ತೆರೆದು ನೆಲದ ಮೇಲಿಟ್ಟಳು. ಮೂಸಿತು. ಮುಖ ತಿರುಗಿಸಿತು. ಮತ್ತೆ ಮೂಸಿತು. ನಾವು ಉಸಿರು ಬಿಡುವುದರೊಳಗೆ ಡಬ್ಬಿ ಖಾಲಿಯಾಗಿ, ನಾಲಿಗೆ ಸ್ಟೀಲನ್ನು ನೆಕ್ಕುವ ಸದ್ದು ಕೋಣೆ ತುಂಬ ಕೇಳಿಸುತ್ತಿತ್ತು.

ಶ್ರುತಿ ಫೋನಿಗೆ ಓಡಿದಳು. “ಅಜ್ಜೀ! ಗೋಲು ತಿಂದ! ಗೋಲು ತಿಂದ!”

ಆ ಕಡೆಯ ದನಿ ಎಂದಿನಂತೆ ಎಲ್ಲರಿಗೂ ಕೇಳಿಸಿತು. “ಏನು ತಿಂದ? ಸರಿಯಾಗಿ ಹೇಳೇ!”

“ಇಡ್ಲಿ ಅಜ್ಜಿ, ಇಡ್ಲಿ!”

“ನಿನ್ನ ಮಾತು ನಾನು ನಂಬಲ್ಲ. ಆ ಡಾಕ್ಟ್ರಮ್ಮಂಗೆ ಕೊಡು ಫೋನು.”

ನಾನು ರಿಸೀವರ್ ತೆಗೆದುಕೊಂಡೆ. “ನಾನು ಕಣ್ಣಾರೆ ನೋಡಿದೆ ಅಜ್ಜಿ. ಅಕ್ಕಿ, ಉದ್ದು ರುಬ್ಬಿ ಬೇಯಿಸಿದ್ದು. ಬೆಳ್ಳಗೆ, ದುಂಡಗೆ, ಅಂಗೈಯಷ್ಟಗಲ. ಪೂರ್ತಿ ತಿಂತು.”